ಜಪ್ತಿಯಾದ ಜಮೀನು ಬೆಲೆಯಿರುವಾಗಲೇ ಹರಾಜಾಗಲಿ

ಮಾನ್ಯ ಸಂಪಾದಕರೇ,

ನಂದಿಬೆಟ್ಟದ ಹಾದಿಯಲ್ಲಿ ನಿವೇಶನ ಮಾರಾಟದ ಫಲಕಗಳು ಮತ್ತೆ ಎದ್ದಿರುವುದನ್ನು ಕಂಡು, 2008ರ ಹಳೆಯ ಬಾಕಿಯೊಂದನ್ನು ಸರ್ಕಾರಕ್ಕೆ ನೆನಪಿಸಬೇಕೆನಿಸಿತು.

2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಮರುವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ಇವೆರಡನ್ನೇ ಬಂಡವಾಳ ಮಾಡಿಕೊಂಡು ದ್ರಾಕ್ಷಿ ತೋಟ, ಹಿಪ್ಪುನೇರಳೆ ಹೊಲಗಳ ನಡುವೆ ಗಡಿಕಲ್ಲು ನೆಟ್ಟು, ಮೂರು ವರ್ಷ ಕಂತು ಕಟ್ಟಿದರೆ ನಿವೇಶನ, ನಿವೇಶನ ಬೇಡವೆಂದರೆ ದುಪ್ಪಟ್ಟು ಹಣ ಎಂದ ಸಂಸ್ಥೆಯೊಂದಕ್ಕೆ ನಾನೂ ನಿವೃತ್ತಿಯ ಹಣದಲ್ಲಿ 4 ಲಕ್ಷ ರೂಪಾಯಿ ಕಟ್ಟಿದೆ. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯೆದ್ದು, ಕೆಲಸದ ಭಯದಿಂದ ಬೆಂಗಳೂರಿನ ಐ.ಟಿ. ಉದ್ಯೋಗಿಗಳು ಈ ಕಡೆ ತಲೆ ಹಾಕುವುದನ್ನೇ ನಿಲ್ಲಿಸಿದಾಗ, ಹೊಸಬರ ಕಂತಿನಲ್ಲಿ ಹಳಬರಿಗೆ ಹಣ ಕೊಡುತ್ತಿದ್ದ ಸಂಸ್ಥೆಯ ಬಾಗಿಲಿಗೆ ಬೀಗ ಬಿತ್ತು. ಆರ್ಥಿಕ ಕುಸಿತವೇ ನಮ್ಮನ್ನು ಮುಳುಗಿಸಿತೆಂದು ಅನೇಕರು ಈಗಲೂ ನಂಬಿದ್ದಾರೆ. ಮೊದಲ ರಸೀದಿ ಹರಿದುಕೊಟ್ಟ ದಿನವೇ ಮೋಸ ಆಗಿತ್ತು. ಕುಸಿತ ಬಾರದಿದ್ದರೆ ಅದು ಇನ್ನೂ ನಾಲ್ಕು ಊರು ಸುತ್ತಿ ಬರುತ್ತಿತ್ತು, ಅಷ್ಟೆ.

ಹಣ ಹೋದವರಲ್ಲಿ ಎಷ್ಟೋ ಮಂದಿ ದೂರು ಕೊಡಲೇ ಇಲ್ಲ. ಏಜೆಂಟರಾಗಿದ್ದವರು ಹೊರಗಿನವರಲ್ಲ, ನೆಂಟರು, ಸಹೋದ್ಯೋಗಿಗಳು. ಅಣ್ಣನ ಮೇಲೆ ತಮ್ಮ ಠಾಣೆಗೆ ಹೋಗುವುದು ಹೇಗೆ? ನಾನು ಕಮಿಷನ್ ಪಡೆದವನಲ್ಲ, ಆದರೆ ನನ್ನ ಮಾತು ನಂಬಿ ಮಗಳ ಮದುವೆಯ ಹಣ ಕಟ್ಟಿದ ಕಿರಿಯ ಸಹೋದ್ಯೋಗಿಯೊಬ್ಬರು ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅವರನ್ನು ನಾನು ತಪ್ಪೆನ್ನಲಾರೆ.

ಇಂತಹ ಸಂಸ್ಥೆಗಳ ಆಸ್ತಿಯನ್ನು ಜಪ್ತಿ ಮಾಡಿ, ಸಕ್ಷಮ ಪ್ರಾಧಿಕಾರ ಮತ್ತು ವಿಶೇಷ ನ್ಯಾಯಾಲಯದ ಮೂಲಕ ಠೇವಣಿದಾರರಿಗೆ ಹಂಚಲು ನಮ್ಮ ರಾಜ್ಯದಲ್ಲಿ 2004ರಿಂದಲೇ ಕಾನೂನಿದೆ. ತೊಡಕಿರುವುದು ಕಾಲದ್ದು. ಮಾರುಕಟ್ಟೆ ಬಿದ್ದಾಗ ಅರೆಬರೆ ಬಡಾವಣೆಯನ್ನು ಕೊಳ್ಳುವವರಿಲ್ಲ. ಬೆಲೆ ಏರುವ ಹೊತ್ತಿಗೆ ಪ್ರಕರಣ ಇತ್ಯರ್ಥವಾಗಿರುವುದಿಲ್ಲ. ನಾವು ಹಣ ಕಟ್ಟಿದ ಜಮೀನಿನಲ್ಲಿ ಇಂದು ಜಾಲಿ ಬೆಳೆದು ನಿಂತಿದೆ. ಬೇಲಿಯಾಚೆ ನಿವೇಶನಗಳು ಚದರಡಿ ಲೆಕ್ಕದಲ್ಲಿ ಬಿಕರಿಯಾಗುತ್ತಿವೆ.

ಅದೇ 2008ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಇಂಥದೇ ಮೋಸಕ್ಕಾಗಿ ಬಂಧಿತನಾದ ಬರ್ನಾರ್ಡ್ ಮ್ಯಾಡಾಫ್ ಹೂಡಿಕೆದಾರರ ಹಣವೆಂದು ಕಾಗದದ ಮೇಲೆ ತೋರಿಸಿದ್ದು ಸುಮಾರು 65 ಶತಕೋಟಿ ಡಾಲರ್. ಹಣ ವಸೂಲು ಮಾಡಿ ಹಂಚಲು ಅಲ್ಲಿ ನೇಮಕವಾದ ಟ್ರಸ್ಟಿ ಆ ಸುಳ್ಳು ಲಾಭವನ್ನು ಬದಿಗಿಟ್ಟು, ಪ್ರತಿಯೊಬ್ಬರೂ ನಿಜವಾಗಿ ಹಾಕಿದ ಅಸಲನ್ನೇ ಲೆಕ್ಕಕ್ಕೆ ಹಿಡಿದರು. ಹಾಕಿದ್ದಕ್ಕಿಂತ ಹೆಚ್ಚು ಹಿಂಪಡೆದವರ ಮೇಲೂ ದಾವೆ ಹೂಡಿ 14 ಶತಕೋಟಿಗೂ ಹೆಚ್ಚು ವಸೂಲು ಮಾಡಿದರು. ನಮ್ಮವರಿಗೂ ದುಪ್ಪಟ್ಟು ಬೇಕಿಲ್ಲ, ಅಸಲು ಸಾಕು.

ಆದ್ದರಿಂದ ಜಿಲ್ಲೆಯಲ್ಲಿ ಜಪ್ತಿಯಾಗಿರುವ ಇಂತಹ ಜಮೀನುಗಳ ಪಟ್ಟಿಯನ್ನು ಸರ್ವೆ ನಂಬರ್ ಸಹಿತ ಪ್ರಕಟಿಸಿ, ಬೆಲೆಯಿರುವಾಗಲೇ ಹರಾಜಿಗೆ ನ್ಯಾಯಾಲಯದ ಅನುಮತಿ ಕೋರಬೇಕು. ಹಕ್ಕುಕೋರಿಕೆಯ ಅರ್ಜಿಗಳನ್ನು ತಾಲ್ಲೂಕು ಕಚೇರಿಯಲ್ಲೇ ಸ್ವೀಕರಿಸಬೇಕು, ಏಕೆಂದರೆ ರಸೀದಿ ಇಟ್ಟುಕೊಂಡಿರುವ ನಮ್ಮಂಥವರಲ್ಲಿ ಹೆಚ್ಚಿನವರಿಗೆ ಬೆಂಗಳೂರಿಗೆ ಅಲೆಯುವ ವಯಸ್ಸು ಮೀರಿದೆ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಣಿಯಾದ ಬಡಾವಣೆಗಳ ಪಟ್ಟಿಯನ್ನು ಪ್ರತಿ ಉಪನೋಂದಣಾಧಿಕಾರಿ ಕಚೇರಿಯ ಗೋಡೆಗೆ ಅಂಟಿಸಿದರೆ, ಹೊಸ ಫಲಕಗಳನ್ನು ನೋಡಿ ಮುಂಗಡ ಕೊಡಲು ಹೊರಟವರು ಅದನ್ನು ಓದಿಕೊಂಡಾದರೂ ಹೋಗುತ್ತಾರೆ.

— ಒಬ್ಬ ನಿವೃತ್ತ ಶಿಕ್ಷಕ, ಚಿಕ್ಕಬಳ್ಳಾಪುರ