ಹೆಸರು ಬರೀಬೇಡ ಅಂದ ಸರ್‌ಗೆ

ಕಲಬುರಗಿಯ ಜಗತ್ ವೃತ್ತದಲ್ಲಿ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ಘೋಷಣೆ ಕೂಗುತ್ತಿದ್ದ ಹುಡುಗರ ಮುಂದೆ ಒಂದು ಕಾಲಕ್ಕೆ ನೀವಿದ್ದಿರಿ ಅಂತ ಹೇಳಿದ್ದು ನಮ್ಮ ಕಾಕಾ. ನೀವಾಗಿ ಎಂದೂ ಹೇಳಿಕೊಂಡವರಲ್ಲ. ವೈಜನಾಥ ಪಾಟೀಲರಂಥ ಹಿರಿಯರ ದೀರ್ಘ ಹೋರಾಟ 2012ರ 98ನೇ ತಿದ್ದುಪಡಿಯಾಗಿ ಫಲಿಸಿತು, ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಶೇ. 70ರಷ್ಟು ಸೀಟು ಬಂತು. ಆಮೇಲೆ ನೀವು ಮೈಕು ಬಿಟ್ಟು ಸೀಮೆಸುಣ್ಣ ಹಿಡಿದಿರಿ. ನನ್ನ ಕಣ್ಣಿಗೆ ಅದು ಹೋರಾಟದ ಮುಂದುವರಿಕೆಯೇ.

ತಂಗಿಯ ಟಿಸಿಯಲ್ಲಿ ಅಪ್ಪನ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಸಹಾಯಕ ಆಯುಕ್ತರ ಕಚೇರಿಯಿಂದ ಆ ಮೀಸಲು ಸೀಟಿಗೆ ಬೇಕಾದ ಅರ್ಹತಾ ಪ್ರಮಾಣಪತ್ರ ಸಿಗದೆ ಸೀಟೇ ಕೈತಪ್ಪುವ ಹೊತ್ತು. ನೀವು ಗೆರೆ ಹಾಳೆ, ಪೆನ್ನು ಆಕೆಯ ಕೈಗೇ ಕೊಟ್ಟಿರಿ. "ನೀನೇ ಬರಿಯವ್ವ. ನಾಳಿ ನಿಮ್ಮೂರ ಹುಡುಗ್ಯಾರಿಗೆ ನೀನೇ ಬರ್ದು ಕೊಡಬೇಕು" ಅಂದಿರಿ. ತಪ್ಪಿದ ಕಡೆ ಪೆನ್ಸಿಲ್‌ನಿಂದ ಸಣ್ಣ ಚುಕ್ಕೆ ಇಟ್ಟಿರಿ, ಅಷ್ಟೇ. ಮೂರನೇ ಹಾಳೆಗೆ ಅರ್ಜಿ ಸರಿಯಾಯಿತು. ಬಿಸಿಲಲ್ಲಿ ಕಚೇರಿಯವರೆಗೂ ಜೊತೆಗೆ ಬಂದಿರಿ.

ಈಗ ಆಕೆ ನರ್ಸಿಂಗ್ ಓದುತ್ತಿದ್ದಾಳೆ, ಸರ್. ನಿಮ್ಮ ಉಪಕಾರ ನಮ್ಮ ಮನಿಯವರು ಮರೆಯುವುದಿಲ್ಲ. ಫೀಸಿನ ಮಾತೆತ್ತಿದರೆ ಸಿಟ್ಟಾಗುತ್ತೀರಿ, ಆಯ್ತು. ಅವ್ವ ಕಳಿಸುವ ಶೇಂಗಾ ಹೋಳಿಗೆಗೆ ಮಾತ್ರ ಬ್ಯಾಡ ಅನ್ನಬ್ಯಾಡ್ರಿ.