ಬೆಳಗಿನವರೆಗೂ ಜೊತೆಗೆ ಕೂತ ಮೇಡಂಗೆ

ಬರುವ ಸೋಮವಾರದಿಂದ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಇಬ್ಬರು ಹುಡುಗಿಯರು ನನ್ನ ಹತ್ತಿರ ಫೀಲ್ಡ್‌ವರ್ಕ್‌ಗೆ ಬರಲಿದ್ದಾರೆ. ಅವರಿಗೆ ನಾನೇ ಸೂಪರ್‌ವೈಸರ್. ಕೋಲಾರದಲ್ಲಿ ಕೆಲಸಕ್ಕೆ ಸೇರಿ ಐದು ವರ್ಷ ಆಯಿತು. ಥ್ಯಾಂಕ್ಸ್ ಹೇಳಲು ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ.

ಮೊದಲು ನಮ್ಮ ಮೇಡಂಗೆ, ಅಂದರೆ ಇಲ್ಲಿ ನನ್ನ ಸೂಪರ್‌ವೈಸರ್ ಆಗಿದ್ದವರಿಗೆ. ಕೆಲಸದ ಮೇಲೆ ಹೋಗಿದ್ದ ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ ನನ್ನ ಜಾತಿ ಹಿಡಿದು ಬೈದರು. ಏನೆಲ್ಲ ಅಂದರು ಅಂತ ಇಲ್ಲಿ ಬರೆಯಲ್ಲ. ದೂರು ಕೊಡಲು ಹೋಗಿ, ರಾತ್ರಿ ಹನ್ನೊಂದಕ್ಕೆ ಪೊಲೀಸ್ ಸ್ಟೇಷನ್ ಹೊರಗಿನ ಕಟ್ಟೆ ಮೇಲೆ ಒಬ್ಬಳೇ ಕೂತಿದ್ದೆ. "ವಿಚಾರಣೆ ಮಾಡಿ ಆಮೇಲೆ ನೋಡೋಣ" ಅಂದಿದ್ದರು ಪೊಲೀಸರು. ಮೇಡಂ ಆಟೋದಲ್ಲಿ ಬಂದರು. ನೇರ ಒಳಗೆ ಹೋಗಿ, ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯ 18ಎ ಕಲಂ ತೋರಿಸಿದರು. ಎಫ್‌ಐಆರ್ ಹಾಕಲು ಮೊದಲೇ ವಿಚಾರಣೆ ನಡೆಸಬೇಕಿಲ್ಲ ಅಂತ ಅದರಲ್ಲಿದೆ. ಹೊರಗೆ ಬಂದು ಸುಮ್ನೆ ನನ್ನ ಪಕ್ಕ ಕೂತರು.

ನನಗೆ ಅವರ ಮೇಲೇ ಸಿಟ್ಟು ಬಂತು. "ಆ ಊರು ಎಂಥದ್ದು ಅಂತ ನಿಮಗೆ ಗೊತ್ತಿತ್ತು. ನನ್ನ ಜಾತಿಯೂ ಗೊತ್ತಿತ್ತು. ಒಬ್ಬಳನ್ನೇ ಯಾಕೆ ಕಳಿಸಿದ್ರಿ?" ಅಂತ ಕೂಗಿದೆ. ಅತ್ತುಬಿಟ್ಟೆ. ಅವರು ಸಮಜಾಯಿಷಿ ಕೊಡಲಿಲ್ಲ. "ಗೊತ್ತಿತ್ತು. ಜಾತಿ ಮಾತು ಎತ್ತೋಕೆ ನನಗೇ ಮುಜುಗರ. ಅದಕ್ಕೆ ಸುಮ್ಮನಿದ್ದೆ. ತಪ್ಪು ನಂದು" ಅಂದರು. ತಂದಿದ್ದ ಒಂದೇ ಬಾಟಲಿ ನೀರನ್ನು ಇಬ್ಬರೂ ಕುಡಿದೆವು. ಆಗಿನ ಕೋಲಾರ ಜಿಲ್ಲೆಯ ಹಳ್ಳಿ ಕಂಬಾಲಪಲ್ಲಿಯ ಮಾತು ಬಂತು. 2000ರ ಮಾರ್ಚ್‌ 11ರಂದು ಅಲ್ಲಿ ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿಗಳು ತಿರುಗಿಬಿದ್ದಿದ್ದರು. "ಹೇಳೋರನ್ನ ಒಂಟಿ ಮಾಡಿದ್ರೆ ಇನ್ನೇನಾಗುತ್ತೆ?" ಅಂದರು ಮೇಡಂ. ಬೆಳಗಾಗುವವರೆಗೂ ಎದ್ದು ಹೋಗಲಿಲ್ಲ.

ಹಿಂದೆ ಇನ್ನೊಂದು ಕಡೆ ಇದ್ದಾಗ, ಹಳ್ಳಿಯೊಂದರಲ್ಲಿ ನನಗೆ ಬೇರೆ ಲೋಟ ಕೊಟ್ಟರು ಅಂತ ವರದಿಯಲ್ಲಿ ಬರೆದಿದ್ದೆ. ಅಲ್ಲಿನ ಸೂಪರ್‌ವೈಸರ್ ಅದರ ಕೆಳಗೆ "ಹೊಂದಿಕೊಳ್ಳುವುದನ್ನು ಕಲಿಯಬೇಕು" ಅಂತ ಷರಾ ಹಾಕಿದರು. ನನ್ನ ಗುಣದಲ್ಲೇ ಏನೋ ಕೊರತೆ ಅಂತ ಎಷ್ಟೋ ದಿನ ನಂಬಿದ್ದೆ. ಸೂಪರ್‌ವಿಷನ್ ಅಂದರೆ ಕೆಲಸ ನೋಡುವುದು, ಕಲಿಸುವುದು, ಆಸರೆಯಾಗುವುದು ಅಂತ ತರಗತಿಯಲ್ಲಿ ಓದಿದ್ದೆವು. ಜಾತಿಯ ಹೆಸರೇ ಎತ್ತದೆ ಆಸರೆ ಎಲ್ಲಿಂದ ಬರಬೇಕು, ಅಲ್ವಾ? ಆ ರಾತ್ರಿಯ ನಂತರ ನಮ್ಮ ವಾರದ ಮಾತುಕತೆಯ ರೀತಿಯೇ ಬದಲಾಯಿತು. ಮೇಡಂ ಮೊದಲು ತಮ್ಮ ಜಾತಿ ಹೇಳಿದರು, ಅದರಿಂದ ತಮಗೆ ಯಾವ ಬಾಗಿಲುಗಳು ಸುಲಭವಾಗಿ ತೆರೆದವು ಅಂತ ಹೇಳಿದರು. ಆಮೇಲೆ ನನ್ನನ್ನು ಕೇಳಿದರು. ಯಾವ ಊರಿಗೆ ಯಾರು, ಯಾರ ಜೊತೆ ಹೋಗಬೇಕು ಅಂತ ಕೂತು ಮಾತಾಡಿಯೇ ತೀರ್ಮಾನಿಸುತ್ತಿದ್ದೆವು.

ಅಮ್ಮ, ತಮ್ಮ, ಆಫೀಸಿನ ಗೆಳತಿಯರು, ದುಡ್ಡು ಕೇಳದೆ ಕೇಸು ನಡೆಸಿದ ವಕೀಲರು, ಸಾಕ್ಷಿ ಹೇಳಲು ಬಂದ ಆ ಊರಿನ ಅಜ್ಜಿ, ಎಲ್ಲರಿಗೂ ಕೈಮುಗಿಯುತ್ತೇನೆ.

ಮೇಡಂ, ಆ ಹುಡುಗಿಯರ ಜೊತೆ ಮೊದಲ ಮಾತುಕತೆ ಸೋಮವಾರ ಹತ್ತೂವರೆಗೆ. ನನ್ನ ಜಾತಿಯಿಂದಲೇ ಶುರು ಮಾಡುತ್ತೇನೆ. ನೀವೂ ಬಂದು ಕೂರುತ್ತೀರಾ?