ಗೆಳೆಯನಿಗೊಂದು ಪತ್ರ: 'ಅಂತೆ' ಉದುರಿಹೋದ ಮಾತು

ಪ್ರೀತಿಯ ಗೆಳೆಯಾ,

ಹೇಗಿದ್ದೀಯಾ? ಅಡಿಕೆ ಕೊನೆಕೊಯ್ಲು ಶುರುವಾಗಿರಬೇಕು. ಈ ಸಲ ಆಳು ಸಿಕ್ಕರಾ? ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು.

ಕಳೆದ ವಾರ ನೀನು ವಾಟ್ಸಾಪಿನಲ್ಲಿ ಒಂದು ಪ್ರಶ್ನೆ ಕೇಳಿದ್ದೆ. "ನಿಮ್ಮ ಅಮೆರಿಕದ ರಾಜಕಾರಣಿಗಳು ಬಾಯಿಗೆ ಬಂದ ಹಾಗೆ ಮಾತಾಡ್ತಾರಲ್ಲ, ಟಿವಿಯವರು, ಪೇಪರಿನವರು ಏನು ಮಾಡ್ತಿರ್ತಾರೆ ಮಾರಾಯ?" ಅಂತ. ನಾನು "ಅವರೂ ಬರೀತಾರೆ, ಕೇಳೋರು ಕಮ್ಮಿ" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದೂರದ ಒಂದು ಊರಿನಲ್ಲಿದೆ. ಅದನ್ನು ಪೂರ್ತಿ ಹೇಳಬೇಕು ಅನ್ನಿಸಿತು. ಅದಕ್ಕೇ ಈ ಪತ್ರ.

ನಾವಿರುವ ಕೊಲಂಬಸ್‌ನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಹಿಡಿದರೆ ಸ್ಪ್ರಿಂಗ್‌ಫೀಲ್ಡ್ ಸಿಗುತ್ತದೆ. ಒಹಾಯೊ ರಾಜ್ಯದ ಹಳೇ ಕಾರ್ಖಾನೆ ಊರು. 1960ರಲ್ಲಿ ಅಲ್ಲಿ 80 ಸಾವಿರಕ್ಕಿಂತ ಜಾಸ್ತಿ ಜನ ಇದ್ದರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ 60 ಸಾವಿರಕ್ಕಿಂತ ಕೆಳಗಿಳಿದರು. ಕೊರೋನಾ ಕಾಲದ ಆಚೀಚೆ ಹೈಟಿ ದೇಶದವರು ಕೆಲಸ ಹುಡುಕಿಕೊಂಡು ಅಲ್ಲಿಗೆ ಬಂದರು. ಗೋದಾಮುಗಳಿಗೆ, ಕಾರ್ಖಾನೆಗಳಿಗೆ ಸೇರಿಕೊಂಡರು. ಊರು ಮತ್ತು ಸುತ್ತಮುತ್ತ ಸೇರಿ ವಲಸೆ ಬಂದವರು 12ರಿಂದ 15 ಸಾವಿರ ಇರಬಹುದು ಅಂತ ನಗರಾಡಳಿತವೇ ಅಂದಾಜು ಹೇಳಿತ್ತು. ಹೆಚ್ಚಿನವರ ಹತ್ತಿರ, ಇಲ್ಲೇ ಇದ್ದು ದುಡಿಯಬಹುದು ಅಂತ ಸರ್ಕಾರ ಕೊಟ್ಟ ತಾತ್ಕಾಲಿಕ ರಕ್ಷಣೆಯ ಕಾಗದ ಇತ್ತು. ಅಷ್ಟು ಜನ ಒಮ್ಮೆಲೇ ಬಂದರೆ ತೊಂದರೆ ಆಗದೆ ಇರುತ್ತಾ? ಮನೆ ಬಾಡಿಗೆ ಏರಿತು. ಆಸ್ಪತ್ರೆಯಲ್ಲಿ ಸಾಲು ಉದ್ದವಾಯಿತು. ಇಂಗ್ಲಿಷ್ ಬಾರದ ಮಕ್ಕಳಿಗೆ ಪಾಠ ಹೇಳಲು ಟೀಚರ್ ಸಾಲದಾದರು. ಊರಿನವರ ಸಿಟ್ಟಿಗೆ ಕಾರಣವೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ.

2024ರಲ್ಲಿ ಆ ಊರಿನ ಒಂದು ಫೇಸ್‌ಬುಕ್ ಗುಂಪಿನಲ್ಲಿ ಯಾರೋ ಬರೆದರು. ನೆರೆಮನೆಯವರ ಮಗಳ ಗೆಳತಿಯ ಬೆಕ್ಕು ಕಳೆದುಹೋಗಿತ್ತಂತೆ. ಪಕ್ಕದ ಹೈಟಿಯವರು ಅದನ್ನು ಮರಕ್ಕೆ ನೇತುಹಾಕಿ ಕೊಯ್ಯುತ್ತಿದ್ದರಂತೆ.

ಈ 'ಅಂತೆ'ಯನ್ನು ಸ್ವಲ್ಪ ನೋಡು. ನಮ್ಮ ಭಾಷೆಯಲ್ಲಿ ಕಣ್ಣಾರೆ ಕಂಡದ್ದಕ್ಕೆ ಬಾಲ ಇಲ್ಲ, ಕಿವಿಗೆ ಬಿದ್ದದ್ದಕ್ಕೆ ಇದೆ. ನಮ್ಮೂರಲ್ಲಿ ಯಾರಾದರೂ "ತೋಟಕ್ಕೆ ಹುಲಿ ಬಂದಿತ್ತಂತೆ" ಅಂದರೆ ದೊಡ್ಡವರು ಕೋವಿ ಹುಡುಕುತ್ತಿರಲಿಲ್ಲ. "ಯಾರು ಕಂಡದ್ದು?" ಅಂತ ಮೊದಲು ಕೇಳುತ್ತಿದ್ದರು. ಎರಡಕ್ಷರದ ಆ ಬಾಲವೇ ನಮಗೆ ಎಚ್ಚರಿಕೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಹಾಗೆ ಅಂಟಿಕೊಂಡು ಬರುವ ಬಾಲ ಇಲ್ಲ. ಬೇಕಾದವರು ಬೇರೆ ಮಾತು ಸೇರಿಸಿ ಹೇಳಬೇಕು. ಬೇಡದವರು ಬಿಟ್ಟರೆ ವಾಕ್ಯ ಕುಂಟುವುದೇ ಇಲ್ಲ, ಏನೋ ಬಿಟ್ಟುಹೋಗಿದೆ ಅಂತ ಕೇಳುವವನಿಗೆ ಅನ್ನಿಸುವುದೂ ಇಲ್ಲ.

ಸ್ಪ್ರಿಂಗ್‌ಫೀಲ್ಡಿನಲ್ಲಿ ಆದದ್ದು ಅದೇ. ಸೆಪ್ಟೆಂಬರ್ 9ರಂದು ಜೆ.ಡಿ. ವ್ಯಾನ್ಸ್ ಇದನ್ನು ಎತ್ತಿಕೊಂಡರು. ಅವರು ಆಗ ಇದೇ ಒಹಾಯೊದ ಸೆನೆಟರ್, ಟ್ರಂಪ್ ಜೊತೆ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಕೂಡ. ಈ ದೇಶದಲ್ಲಿ ಇರಬಾರದ ಜನ ಸಾಕುಪ್ರಾಣಿಗಳನ್ನು ಹಿಡಿದು ತಿಂದಿದ್ದಾರೆ ಅಂತ ವರದಿಗಳು ತೋರಿಸುತ್ತಿವೆ ಅಂತ ಬರೆದರು. ಗೆಳತಿಯ ಬೆಕ್ಕಿನ ಗಾಳಿಮಾತು ಅಷ್ಟರಲ್ಲಿ 'ವರದಿ' ಆಗಿತ್ತು. ಸಾಕುಪ್ರಾಣಿ ಕದ್ದು ತಿಂದರು ಅನ್ನುವ ಯಾವ ದೂರೂ ಬಂದಿಲ್ಲ ಅಂತ ಪೊಲೀಸರು ಹೇಳಿದ್ದನ್ನು ಅಲ್ಲಿನ ಪೇಪರ್ 'ಸ್ಪ್ರಿಂಗ್‌ಫೀಲ್ಡ್ ನ್ಯೂಸ್-ಸನ್' ಅದೇ ದಿನ ಬರೆದಿತ್ತು. ಮಾರನೇ ದಿನ ವ್ಯಾನ್ಸ್ ಅವರೇ ಈ ಗಾಳಿಸುದ್ದಿಗಳೆಲ್ಲ ಸುಳ್ಳಾಗಲೂಬಹುದು ಅಂದರು. ಅಂದವರು ಸುಮ್ಮನಾಗಲಿಲ್ಲ. ಬೆಕ್ಕಿನ ಮೀಮ್‌ಗಳು ಹರಿಯುತ್ತಲೇ ಇರಲಿ ಅಂತ ತಮ್ಮ ಬೆಂಬಲಿಗರಿಗೆ ಕರೆ ಕೊಟ್ಟರು.

ಆ ರಾತ್ರಿ, ಸೆಪ್ಟೆಂಬರ್ 10, ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಟ್ರಂಪ್ ಮತ್ತು ಕಮಲಾ ಹ್ಯಾರಿಸ್ ನಡುವೆ ಚರ್ಚೆ. ನಾವು ಊಟ ಮುಗಿಸಿ ಟಿವಿ ಮುಂದೆ ಕೂತಿದ್ದೆವು. ಸುಮಾರು 6 ಕೋಟಿ 70 ಲಕ್ಷ ಜನ ನೋಡಿದ ಕಾರ್ಯಕ್ರಮ ಅದು. ಟ್ರಂಪ್ ಹೇಳಿದರು: "ಸ್ಪ್ರಿಂಗ್‌ಫೀಲ್ಡಿನಲ್ಲಿ ಅವರು ನಾಯಿಗಳನ್ನು ತಿನ್ನುತ್ತಿದ್ದಾರೆ. ಬೆಕ್ಕುಗಳನ್ನು ತಿನ್ನುತ್ತಿದ್ದಾರೆ."

ತಿನ್ನುತ್ತಿದ್ದಾರೆ. 'ಅಂತೆ' ಪೂರ್ತಿ ಉದುರಿಹೋಗಿತ್ತು.

ನಡೆಸಿಕೊಡುತ್ತಿದ್ದ ಎಬಿಸಿ ವಾಹಿನಿಯ ಡೇವಿಡ್ ಮ್ಯೂರ್ ಅಲ್ಲೇ ತಡೆದರು. ಊರಿನ ಆಡಳಿತಾಧಿಕಾರಿಯನ್ನು ನಾವು ಕೇಳಿದೆವು, ನಂಬುವಂಥ ಒಂದು ವರದಿಯೂ ಇಲ್ಲ ಅಂದಿದ್ದಾರೆ ಅಂತ ಹೇಳಿದರು. ಅದಕ್ಕೆ ಟ್ರಂಪ್ ಕೊಟ್ಟ ಉತ್ತರ ಏನು ಗೊತ್ತಾ? ಟಿವಿಯಲ್ಲಿ ಜನ ಹೇಳುತ್ತಿದ್ದಾರೆ, ನನ್ನ ನಾಯಿಯನ್ನು ಹಿಡಿದುಕೊಂಡು ಹೋಗಿ ತಿಂದರು ಅಂತ. ಒಂದು ಗಾಳಿಮಾತಿಗೆ ಇನ್ನೊಂದು ಗಾಳಿಮಾತೇ ಸಾಕ್ಷಿ. ನಮ್ಮಲ್ಲಿ ಅಂತೆಕಂತೆ ಅಂತೀವಲ್ಲ, ಅದು ಪಂಚಾಯ್ತಿ ಕಟ್ಟೆಯಿಂದ ಎದ್ದು ದೇಶದ ಅಧ್ಯಕ್ಷ ಪದವಿಯ ಚರ್ಚೆಗೆ ಬಂದು ಕೂತಿತ್ತು.

ಅದೇ ದಿನ ಆ ಊರಿನ ನಗರಸಭೆಯಲ್ಲಿ ಒಬ್ಬ ತಂದೆ ಮಾತಾಡಿದ್ದರು. 2023ರ ಆಗಸ್ಟ್‌ನಲ್ಲಿ ಹೈಟಿಯಿಂದ ಬಂದವನೊಬ್ಬ ಓಡಿಸುತ್ತಿದ್ದ ವ್ಯಾನ್ ಶಾಲೆ ಬಸ್ಸಿಗೆ ಬಡಿದು ಅವರ 11 ವರ್ಷದ ಮಗ ಸತ್ತುಹೋಗಿದ್ದ. ಆ ಹುಡುಗನ ಹೆಸರು ಭಾಷಣಗಳಲ್ಲಿ ಓಡಾಡುತ್ತಿತ್ತು. ವಲಸಿಗನೊಬ್ಬ ಕೊಲೆ ಮಾಡಿದ ಅನ್ನುವ ಹಾಗೆ ಹೇಳುತ್ತಿದ್ದರು. ತಂದೆ ಮೈಕ್ ಮುಂದೆ ನಿಂತು, ನನ್ನ ಮಗನದು ಕೊಲೆಯಲ್ಲ, ಅಪಘಾತ ಅಂದರು. ಅವನನ್ನು 60 ವರ್ಷದ ಬಿಳಿಯನೊಬ್ಬ ಸಾಯಿಸಿದ್ದರೆ ಚೆನ್ನಾಗಿತ್ತು, ಆಗ ಈ ದ್ವೇಷದ ಜನ ನಮ್ಮನ್ನು ನಮ್ಮ ಪಾಡಿಗೆ ಬಿಡುತ್ತಿದ್ದರು ಅಂದರು. ನಾನು ಆ ವಿಡಿಯೋ ಎರಡು ಸಲ ನೋಡಿದೆ. ಮೂರನೇ ಸಲ ಆಗಲಿಲ್ಲ. ಮಗನನ್ನು ಕಳೆದುಕೊಂಡ ತಂದೆ ಮಗನ ಹೆಸರನ್ನೂ ಕಾಪಾಡಿಕೊಳ್ಳಬೇಕಾಯಿತಲ್ಲ.

ಆಮೇಲೆ ಬೆದರಿಕೆಗಳು ಶುರುವಾದವು. ನಗರಸಭೆಗೆ, ಶಾಲೆಗಳಿಗೆ, ಆಸ್ಪತ್ರೆಗಳಿಗೆ ಬಾಂಬ್ ಇಟ್ಟಿದ್ದೇವೆ ಅಂತ. ಒಂದೇ ವಾರದಲ್ಲಿ 33 ಅಂತ ಗವರ್ನರ್ ಮೈಕ್ ಡಿವೈನ್ ಲೆಕ್ಕ ಕೊಟ್ಟರು. ಎಲ್ಲವೂ ಹುಸಿ. ಡಿವೈನ್ ಟ್ರಂಪ್ ಅವರ ಪಕ್ಷದವರೇ, ಹುಟ್ಟಿದ್ದು ಸ್ಪ್ರಿಂಗ್‌ಫೀಲ್ಡಿನಲ್ಲೇ. ಈ ಕತೆಗೆ ಆಧಾರವಿಲ್ಲ, ಹೈಟಿಯವರು ದುಡಿಯಲು ಬಂದವರು ಅಂತ ಅವರು ಬಾಯಿಬಿಟ್ಟು ಹೇಳಿದರು. ಪ್ರತಿ ಶಾಲೆಗೂ ರಾಜ್ಯದ ಪೊಲೀಸರನ್ನು ಕಳಿಸಿದರು. ಮಕ್ಕಳು ಒಳಗೆ ಹೋಗುವ ಮೊದಲು ಕೋಣೆ ಕೋಣೆ ತಪಾಸಣೆ. ಒಂದು ವಾಕ್ಯದಿಂದ ಎಲ್ಲಿಗೆ ಬಂತು ನೋಡು.

ಈಗ ನಿನ್ನ ಪ್ರಶ್ನೆ. ಪತ್ರಕರ್ತರು ಏನು ಮಾಡಿದರು? ನ್ಯಾಯವಾಗಿ ಹೇಳಬೇಕು ಅಂದರೆ, ಬಹಳ ಜನ ಅವರ ಕೆಲಸ ಸರಿಯಾಗಿಯೇ ಮಾಡಿದರು. "ಆಧಾರವಿಲ್ಲದ ಆರೋಪ", "ಸುಳ್ಳು" ಅಂತ ತಲೆಬರಹದಲ್ಲೇ ಹಾಕಿದರು. ಆದರೆ ಸುಳ್ಳನ್ನು ಸುಳ್ಳು ಅನ್ನಲೂ ಅದನ್ನು ಇನ್ನೊಮ್ಮೆ ಹೇಳಲೇಬೇಕು, ಅಲ್ವಾ? ಹೈಟಿ, ನಾಯಿ, ಬೆಕ್ಕು ಅನ್ನುವ ಮೂರು ಮಾತು ಪ್ರತಿ ಸುದ್ದಿಯಲ್ಲೂ ಒಟ್ಟಿಗೇ ಬಂದವು. ಹಾಡು ಕಟ್ಟಿದರು, ಮೀಮ್ ಮಾಡಿದರು. ಕೇಳಿದವರ ತಲೆಯಲ್ಲಿ ಉಳಿದದ್ದು ಆ ಮೂರು ಮಾತು. "ಇಲ್ಲ" ಅನ್ನುವುದು ಉಳಿಯಲಿಲ್ಲ.

ಸೆಪ್ಟೆಂಬರ್ 15ರಂದು ಸಿಎನ್‌ಎನ್‌ನಲ್ಲಿ ಆ ವಾಹಿನಿಯ ಪತ್ರಕರ್ತೆ ಡೇನಾ ಬ್ಯಾಶ್ ವ್ಯಾನ್ಸ್ ಅವರನ್ನು ಬಿಡದೆ ಕೇಳಿದರು. ವ್ಯಾನ್ಸ್ ಹೇಳಿದ್ದು: ಅಮೆರಿಕದ ಜನರ ಕಷ್ಟದ ಕಡೆ ಮಾಧ್ಯಮದವರು ಗಮನ ಕೊಡಬೇಕಾದರೆ ನಾನು ಕತೆಗಳನ್ನು ಸೃಷ್ಟಿಸಬೇಕು ಅಂತಾದರೆ, ಅದನ್ನೇ ಮಾಡುತ್ತೇನೆ. ಬ್ಯಾಶ್ ಮತ್ತೆ ಹಿಡಿದು ಕೇಳಿದಾಗ, ಕತೆ ಸೃಷ್ಟಿಸುವುದು ಅಂದರೆ ಮಾಧ್ಯಮ ಈ ವಿಷಯದ ಮೇಲೆ ಗಮನ ಇಡುವ ಹಾಗೆ ಮಾಡುವುದು ಅಂತ ವಿವರಿಸಿದರು. ಆ ವಿವರಣೆಯನ್ನೇ ಒಪ್ಪಿಕೊಳ್ಳೋಣ. ಆಗಲೂ ನನ್ನ ಪ್ರಶ್ನೆ ಉಳಿಯುತ್ತದೆ. ಬಾಡಿಗೆ ಏರಿದ್ದು ನಿಜ, ಆಸ್ಪತ್ರೆ ಸಾಲು ನಿಜ. ಆ ನಿಜವನ್ನೇ ಹೇಳಿ ಗಮನ ಸೆಳೆಯಬಹುದಿತ್ತು. ಅದಕ್ಕೆ ಬಡವರ ತಟ್ಟೆಯಲ್ಲಿ ಬೆಕ್ಕು ಇಡಬೇಕಿರಲಿಲ್ಲ.

ಇನ್ನೊಂದು ಸಂಗತಿ ಇದೆ, ನನಗೆ ಜಾಸ್ತಿ ದಿಗಿಲು ಹುಟ್ಟಿಸುವುದು ಅದೇ. 2005ರಿಂದ ಈಚೆಗೆ ಈ ದೇಶದ ಪತ್ರಿಕೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಮುಚ್ಚಿಹೋಗಿವೆ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ವರ್ಷ ವರ್ಷ ಲೆಕ್ಕ ಇಡುತ್ತಾರೆ. ಹೆಚ್ಚಿನವು ಸಣ್ಣ ಊರಿನ ವಾರಪತ್ರಿಕೆಗಳು. "ಯಾರು ಕಂಡದ್ದು?" ಅಂತ ಠಾಣೆಗೆ ಹೋಗಿ ಕೇಳಿಬರುತ್ತಿದ್ದವರು ಆ ಪತ್ರಿಕೆಗಳ ವರದಿಗಾರರೇ. ಸ್ಪ್ರಿಂಗ್‌ಫೀಲ್ಡಿಗೆ ಇನ್ನೂ ಅದರದೇ ಪೇಪರ್ ಇದೆ, ಅದು ಕೇಳಿತು. ಪೇಪರೇ ಇಲ್ಲದ ಊರಿನಲ್ಲಿ ಗುಲ್ಲು ಎದ್ದರೆ ಕೇಳುವವರು ಯಾರು?

ಒಂದು ಕಡೆಯವರು ಮಾತ್ರ ಹೀಗೆ ಅಂತ ನೀನು ತಿಳಿಯಬೇಡ. 2016ರಲ್ಲಿ ಟ್ರಂಪ್ ಎದುರು ನಿಂತಿದ್ದ ಹಿಲರಿ ಕ್ಲಿಂಟನ್ ಅವರ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ಹೀನರ ಬುಟ್ಟಿಗೆ ಹಾಕಿದರು. 2024ರ ಅಕ್ಟೋಬರ್ ಕೊನೆಗೆ, ಟ್ರಂಪ್ ಸಭೆಯಲ್ಲಿ ಹಾಸ್ಯಗಾರನೊಬ್ಬ ಅಮೆರಿಕಕ್ಕೆ ಸೇರಿದ ದ್ವೀಪ ಪೋರ್ಟೊ ರಿಕೊವನ್ನು ತೇಲುವ ಕಸ ಅಂದ. ಅದಕ್ಕೆ ಉತ್ತರ ಕೊಡಲು ಹೋದ ಆಗಿನ ಅಧ್ಯಕ್ಷ ಬೈಡನ್, ನನಗೆ ಕಾಣುವ ಕಸ ಅಂದರೆ ಅವರ ಬೆಂಬಲಿಗರು ಅಂದ ಹಾಗಿತ್ತು. ಶ್ವೇತಭವನದವರು ಮಾತನ್ನು ಬರೆದು ಹೊರಗೆ ಕೊಡುವಾಗ ಆ ಪದದ ಕೊನೆಯಲ್ಲಿ, ಎಸ್ ಅಕ್ಷರದ ಮುಂಚೆ, ಮೇಲೊಂದು ಸಣ್ಣ ಕೊಕ್ಕೆ ಹಾಕಿದರು. ಆ ಕೊಕ್ಕೆಯಿಂದ 'ಬೆಂಬಲಿಗರು' ಅನ್ನುವುದು 'ಬೆಂಬಲಿಗನ' ಅಂತಾಯಿತು. ಅಂದರೆ ಆ ಒಬ್ಬ ಬೆಂಬಲಿಗನ ಮಾತು ಕಸ ಅಂತ. ಅಕ್ಷರ ಅಕ್ಷರ ಬರೆದುಕೊಳ್ಳುವ ಅಲ್ಲಿನ ಸ್ಟೆನೊ ವಿಭಾಗದವರು ನಾವು ಬರೆದುಕೊಂಡದ್ದು ಹಾಗಲ್ಲ ಅಂತ ಒಳಗೇ ಆಕ್ಷೇಪ ಎತ್ತಿದ್ದನ್ನು ಎಪಿ ಸುದ್ದಿಸಂಸ್ಥೆ ಹೊರಗೆ ತಂದಿತು. ಬೈಡನ್ ನಮಗೆ ಬೇಕಾದವರು ಅಂತ ಅವರು ಸುಮ್ಮನಿರಲಿಲ್ಲ. ಅಂಥ ಸ್ಟೆನೊಗಳ ಮೇಲೆ ನನಗೆ ಬಹಳ ಗೌರವ ಬಂತು.

ಮಾತು ನಮ್ಮ ಮನೆ ಬಾಗಿಲಿಗೂ ಬಂತು. 2025ರ ಸೆಪ್ಟೆಂಬರ್ 19, ಶುಕ್ರವಾರ. ಎಚ್-1ಬಿ ವೀಸಾಗೆ 1 ಲಕ್ಷ ಡಾಲರ್ ಶುಲ್ಕದ ಆದೇಶಕ್ಕೆ ಟ್ರಂಪ್ ಸಹಿ ಹಾಕಿದರು. ಪಕ್ಕದಲ್ಲಿದ್ದ ವಾಣಿಜ್ಯ ಸಚಿವ ಹೊವರ್ಡ್ ಲಟ್ನಿಕ್ ಅದು ವರ್ಷ ವರ್ಷ ಕಟ್ಟಬೇಕಾದ ಹಣ ಅನ್ನುವ ಹಾಗೆ ಹೇಳಿದರು. ಭಾನುವಾರ ಶುರುವಾಗುವ ಮೊದಲು ದೇಶದೊಳಗೆ ಬಂದುಬಿಡಿ ಅಂತ ದೊಡ್ಡ ಕಂಪನಿಗಳು ನೌಕರರಿಗೆ ಮೇಲ್ ಕಳಿಸಿದವು. ನಮಗೆ ಪರಿಚಯದ ಹುಡುಗನೊಬ್ಬ ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಡಬೇಕು ಅಂತ ಹಾಸನದ ಹತ್ತಿರದ ಹಳ್ಳಿಗೆ ಹೋಗಿದ್ದ. ಅಪ್ಪ ಹೋಗಿ ಒಂದು ವರ್ಷ ಅಷ್ಟೇ. ಅಮಾವಾಸ್ಯೆ ಇದ್ದದ್ದು ಭಾನುವಾರ. ಶನಿವಾರ ಬೆಳಗಿನ ಜಾವ ಮೇಲ್ ನೋಡಿದವನು ಬಟ್ಟೆ ತುರುಕಿಕೊಂಡು ಬೆಂಗಳೂರಿಗೆ ಓಡಿದ. ಸಿಕ್ಕ ಬೆಲೆಗೆ ಟಿಕೆಟ್ ತೆಗೆದ. ಶಿಕಾಗೋದಲ್ಲಿ ಇಳಿದು ಫೋನ್ ಆನ್ ಮಾಡಿದರೆ ಶ್ವೇತಭವನದ ಸ್ಪಷ್ಟೀಕರಣ ಬಂದಿತ್ತು. ವರ್ಷ ವರ್ಷ ಅಲ್ಲ, ಒಂದೇ ಸಲ. ಹೊಸ ಅರ್ಜಿಗೆ ಮಾತ್ರ. ಈಗಾಗಲೇ ವೀಸಾ ಇರುವವರಿಗೆ ಅಲ್ಲ.

ಅವನಿಗೆ ಹಣ ಹೋದದ್ದು ದುಃಖ ಅಲ್ಲ. ಅಲ್ಲಿ ಅಮ್ಮ ಒಬ್ಬರೇ ಎಡೆ ಇಟ್ಟರಲ್ಲ, ಅದು. ನಮ್ಮ ಮನೆಗೆ ಬಂದವನು ಕಾಫಿ ಲೋಟ ಹಿಡಿದುಕೊಂಡು ಬಹಳ ಹೊತ್ತು ಸುಮ್ನೆ ಕೂತಿದ್ದ. ಮೇಲೆ ಕೂತವರಿಗೆ ಅದು ಮಾರನೇ ದಿನ ತಿದ್ದಬಹುದಾದ ಒಂದು ಪದ.

2024ರ ಅಕ್ಟೋಬರ್‌ನಲ್ಲಿ ನಾವಿಬ್ಬರೂ ಸ್ಪ್ರಿಂಗ್‌ಫೀಲ್ಡಿಗೆ ಹೋಗಿಬಂದೆವು. ನಿನಗೆ ಆಗ ಹೇಳಿರಲಿಲ್ಲ. ಒಂದು ಹೈಟಿ ಹೋಟೆಲಿನಲ್ಲಿ ಊಟ ಮಾಡಿದೆವು. ಕಾಳು ಬೆರೆಸಿದ ಅನ್ನ, ಬಾಳೆಕಾಯಿಯನ್ನು ಚಪ್ಪಟೆ ಒತ್ತಿ ಎರಡು ಸಲ ಕರಿದದ್ದು, ಜೊತೆಗೆ ಎಲೆಕೋಸಿನ ಖಾರದ ಉಪ್ಪಿನಕಾಯಿ. ಕಣ್ಣಲ್ಲಿ ನೀರು ಬರುವಷ್ಟು ಖಾರ. ಅಮ್ಮ ಮಾಡುತ್ತಿದ್ದ ಬಾಳೆಕಾಯಿ ಪೋಡಿ ನೆನಪಾಯಿತು. ಹೋಟೆಲ್ ತುಂಬ ಜನ, ಅರ್ಧ ಬಿಳಿಯರು. ನಿಮ್ಮ ಜೊತೆ ಇದ್ದೇವೆ ಅಂತ ತೋರಿಸಲು ಡೇಟನ್‌ನಿಂದ, ಕೊಲಂಬಸ್‌ನಿಂದ ಬಂದು ತಿಂದು ಹೋಗುತ್ತಿದ್ದರು. ಬಡಿಸಿದ ಹೆಂಗಸು ನಮ್ಮನ್ನು ನೋಡಿ ಇಂಡಿಯಾದವರಾ ಅಂತ ಕೇಳಿ, ಬಾಳೆಕಾಯಿ ಇನ್ನೊಂದು ತಟ್ಟೆ ತಂದಿಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. 2025ರಲ್ಲಿ ಹೈಟಿಯವರ ಆ ತಾತ್ಕಾಲಿಕ ರಕ್ಷಣೆಯನ್ನೇ ತೆಗೆಯುವುದಾಗಿ ಸರ್ಕಾರ ಹೇಳಿತು, ವಿಷಯ ಕೋರ್ಟಿಗೆ ಹೋಯಿತು. ಆ ಹೆಂಗಸಿನ ಮುಖ ಆಗಾಗ ಕಣ್ಣ ಮುಂದೆ ಬರುತ್ತದೆ.

ಕೊನೆಗೆ ಆ ಬೆಕ್ಕಿನ ವಿಷಯ ಹೇಳಿಬಿಡುತ್ತೇನೆ. ಆಧಾರ ಕೊಡಿ ಅಂತ 'ವಾಲ್ ಸ್ಟ್ರೀಟ್ ಜರ್ನಲ್' ಕೇಳಿದಾಗ ವ್ಯಾನ್ಸ್ ಕಡೆಯವರು ಒಂದು ಪೊಲೀಸ್ ದೂರಿನ ಪ್ರತಿ ಕೊಟ್ಟರು. ನನ್ನ ಬೆಕ್ಕು ಕಾಣುತ್ತಿಲ್ಲ, ಪಕ್ಕದ ಹೈಟಿಯವರು ತೆಗೆದುಕೊಂಡು ಹೋಗಿರಬಹುದು ಅಂತ ಒಬ್ಬ ಮಹಿಳೆ ಕೊಟ್ಟಿದ್ದ ದೂರು. ವರದಿಗಾರರು ನೇರ ಅವರ ಮನೆಗೇ ಹೋದರು. ಆಕೆ ಟ್ರಂಪ್ ಹೆಸರಿನ ಅಂಗಿ, ಟೋಪಿ ಹಾಕಿಕೊಂಡಿದ್ದರು. ಬೆಕ್ಕು ಕೆಲವು ದಿನ ಬಿಟ್ಟು ಸಿಕ್ಕಿತ್ತು, ಅವರದೇ ಮನೆಯ ನೆಲಮಾಳಿಗೆಯಲ್ಲಿ. ಹೆಸರು ಮಿಸ್ ಸ್ಯಾಸಿ. ಆಕೆ ಮಗಳನ್ನು ಕರೆದುಕೊಂಡು, ಫೋನಿನಲ್ಲಿ ಅನುವಾದದ ಆ್ಯಪ್ ಇಟ್ಟುಕೊಂಡು, ಪಕ್ಕದ ಮನೆಯ ಹೈಟಿಯವರ ಹತ್ತಿರ ಕ್ಷಮೆ ಕೇಳಿದ್ದರು.

ಭಾನುವಾರ ಫೋನ್ ಮಾಡುತ್ತೇನೆ.

ನಿನ್ನ ಗೆಳೆಯ